ಡೊಮೇನ್ ಯಾರ ಹೆಸರಲ್ಲಿದೆ, ಮೊದಲು ಅದನ್ನು ನೋಡಿ

ಸರ್, ಸೈಟ್ ಮಾಡಿಕೊಟ್ಟ ಹುಡುಗ ಫೋನ್ ಎತ್ತುತ್ತಿಲ್ಲ, ಹೋಸ್ಟಿಂಗ್ ಬದಲಾಯಿಸಿದರೆ ಡಾಟ್ ಕಾಮ್ ಹೆಸರೂ ನಮ್ಮದಾಗುತ್ತಾ ಅಂತ ಕೇಳಿದ್ದೀರಿ. ಆಗಲ್ಲ. ಹೋಸ್ಟಿಂಗ್ ಅಂದರೆ ಫೈಲ್ ಇಡುವ ಜಾಗ ಅಷ್ಟೇ. ಡೊಮೇನ್, ಅಂದರೆ ಆ ಡಾಟ್ ಕಾಮ್ ಹೆಸರು, ಇರುವುದು ರಿಜಿಸ್ಟ್ರಾರ್ (ಹೆಸರು ನೋಂದಾಯಿಸಿಕೊಡುವ ಕಂಪನಿ) ಹತ್ತಿರ, ಯಾರ ಹೆಸರಲ್ಲಿ ನೋಂದಾಯಿಸಿದ್ದಾರೋ ಅವರದು.

ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಐಕಾನ್ (ICANN) ಸಂಸ್ಥೆಯ ಲುಕಪ್ ಪುಟದಲ್ಲಿ ನಿಮ್ಮ ಸೈಟಿನ ಹೆಸರು ಹಾಕಿ ನೋಡಿ. 2018ರಿಂದೀಚೆಗೆ ಮಾಲೀಕರ ವಿವರ ಸಾಮಾನ್ಯವಾಗಿ ಮುಚ್ಚಿರುತ್ತೆ, ಆದರೂ ರಿಜಿಸ್ಟ್ರಾರ್ ಯಾರು, ಅವಧಿ ಯಾವತ್ತು ಮುಗಿಯುತ್ತೆ ಅನ್ನೋದು ಕಾಣುತ್ತೆ. ನೋಂದಣಿ ನಿಮ್ಮ ಹೆಸರು, ಇಮೇಲ್‌ನಲ್ಲಿದ್ದರೆ ನೇರ ರಿಜಿಸ್ಟ್ರಾರ್‌ಗೇ ಬರೆದು ಆಥ್ ಕೋಡ್ (ವರ್ಗಾವಣೆಗೆ ಬೇಕಾದ ಗುಪ್ತ ಸಂಕೇತ) ಕೇಳಿ. 5 ದಿನದೊಳಗೆ ಕೊಡಬೇಕು ಅಂತ ನಿಯಮವಿದೆ. ಕೋಡ್ ಸಿಕ್ಕಮೇಲೆ ವರ್ಗಾವಣೆ ತಡೆಯುವ ಲಾಕ್ ತೆಗೆಸಿ ಬೇರೆ ರಿಜಿಸ್ಟ್ರಾರ್‌ಗೆ ವರ್ಗಾಯಿಸಿ. ವರ್ಗಾವಣೆಗೆ ಕಟ್ಟಿದ ದುಡ್ಡು ದಂಡವಲ್ಲ, ಅವಧಿಗೆ ಒಂದು ವರ್ಷ ಸೇರುತ್ತೆ.

ಅವನ ಹೆಸರಲ್ಲೇ ಇದ್ದರೆ ಕಷ್ಟ. ಜಗಳ ಬೇಡ, ಬಾಕಿ ಏನಾದರೂ ಇದ್ದರೆ ಚುಕ್ತಾ ಮಾಡಿ ಡೊಮೇನ್ ನಿಮ್ಮ ಹೆಸರಿಗೆ ಬರೆಸಿಕೊಳ್ಳಿ. ಅವಧಿ ಮುಗಿಯಲಿ, ಆಮೇಲೆ ನಾನೇ ಹಿಡೀತೀನಿ ಅಂತ ಮಾತ್ರ ಕಾಯಬೇಡಿ: ಮುಗಿದು ಹೆಸರು ಅಳಿಸಿದಮೇಲೂ ಹಳೆಯವರಿಗೆ ಅದನ್ನು ಮರಳಿ ಪಡೆಯಲು 30 ದಿನದ ರಿಡೆಂಪ್ಷನ್ ಅವಧಿ ಇರುತ್ತೆ, ಎಷ್ಟೋ ಹೆಸರು ಅದಕ್ಕೂ ಮೊದಲೇ ಹರಾಜಿಗೆ ಹೋಗಿರುತ್ತೆ.