ಮೇಷ್ಟ್ರ ಪದ್ಮಿನಿಗೆ ಗಾಜಿನ ಕೋಣೆ ಬೇಕೇ?

ಆಲ್ದೂರಿನ ಓದುಗರೊಬ್ಬರ ಪತ್ರ: "ಹಳೆಯ ಕಾರುಗಳ ನಮ್ಮ ಬಳಗದ ಹಿರಿಯರಾದ ಮೇಷ್ಟ್ರು ತೀರಿಕೊಂಡ ಸುದ್ದಿಯನ್ನು ಕಳೆದ ಸಂಚಿಕೆಯಲ್ಲಿ ಓದಿದೆ. ಕಾರಿನ ಇಸವಿ, ಎಂಜಿನ್, ಬಣ್ಣ ಎಲ್ಲವೂ ಅದರಲ್ಲಿದ್ದವು. ಮೇಷ್ಟ್ರು ಮಾತ್ರ ಇರಲಿಲ್ಲ. ನನಗೆ ಕಾರು ಓಡಿಸುವುದನ್ನು ಕಲಿಸಿದವರು ಅವರು. ಅವರ ಪದ್ಮಿನಿ ಕಾರಿಗೆ ವಿಂಟೇಜ್ ನೋಂದಣಿ ಮಾಡಿಸಿ, ಚಿಕ್ಕಮಗಳೂರಿನಲ್ಲಿ ಒಂದು ಗಾಜಿನ ಕೋಣೆ ಕಟ್ಟಿಸಿ, ಅದರೊಳಗಿಟ್ಟು ಅವರ ಹೆಸರು ಉಳಿಸಬಾರದೇ? ಪತ್ರಿಕೆ ಮುಂದಾಗಲಿ."

ಸಂಪಾದಕರ ಉತ್ತರ:

ನಿಮ್ಮ ಆಕ್ಷೇಪ ಸರಿಯಾಗಿದೆ. ಆ ಸುದ್ದಿಯನ್ನು ಬರೆದವನು ನಾನೇ. ಅವರು ಹೋದ ಮೂರನೆಯ ದಿನ ಬರೆಯಲು ಕುಳಿತಾಗ ಅವರ ಬಗ್ಗೆ ಒಂದು ಸಾಲೂ ಮುಂದಕ್ಕೆ ಹೋಗಲಿಲ್ಲ. 1975ರ ಪ್ರೀಮಿಯರ್ ಪದ್ಮಿನಿ, 1089 ಸಿ.ಸಿ. ಎಂಜಿನ್, ಸ್ಟೀರಿಂಗಿನ ಪಕ್ಕದಲ್ಲಿರುವ ಹ್ಯಾಂಡ್ ಗೇರ್ ಎಂದು ಬರೆಯುವಾಗ ಮಾತ್ರ ಕೈ ನಡುಗಲಿಲ್ಲ. ಹಾಗಾಗಿ ಅದನ್ನೇ ಬರೆದೆ. ಅಂದು ಬರೆಯಲಾಗದ್ದನ್ನು ಇಂದು ನಿಮಗೆ ಬರೆಯುತ್ತಿದ್ದೇನೆ.

ಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದ ಅವರು ನಿವೃತ್ತರಾದ ಮೇಲೂ ಬಳಗದವರಿಗೆಲ್ಲ ಮೇಷ್ಟ್ರಾಗಿಯೇ ಉಳಿದರು. ಅವರ ಡಿಕ್ಕಿಯಲ್ಲಿದ್ದ ಬಿಸ್ಕತ್ತಿನ ತಗಡಿನ ಡಬ್ಬಿ ನಿಮಗೆ ನೆನಪಿರಬೇಕು. ಫ್ಯಾನ್ ಬೆಲ್ಟು, ಪಾಯಿಂಟು, ಕಂಡೆನ್ಸರು, ನಾಲ್ಕು ಪ್ಲಗ್ಗು, ಪೆಟ್ರೋಲ್ ಪಂಪಿನ ಡಯಾಫ್ರಂ, ಎಲ್ಲದರ ಮೇಲೆ ಒಂದು ಸೀಮೆಸುಣ್ಣ. ಪ್ಲಗ್ಗಿನ ಕಿಡಿ ಹಾರುವ ಹೊತ್ತು, ಅಂದರೆ ಟೈಮಿಂಗ್ ಕೂರಿಸುವಾಗ ಎಂಜಿನ್ನಿನ ಪುಲ್ಲಿಯ ಮೇಲಿನ ಗುರುತು ಕಣ್ಣಿಗೆ ಬೀಳಲೆಂದು ಅದರ ಮೇಲೆ ಸೀಮೆಸುಣ್ಣ ಎಳೆಯುತ್ತಿದ್ದರು. ಆಮೇಲೆ ಬೆರಳನ್ನು ಅಂಗಿಗೆ ಒರೆಸಿಕೊಳ್ಳುತ್ತಿದ್ದರು, ತರಗತಿ ಮುಗಿಸಿ ಬಂದವರ ಹಾಗೆ. ಗ್ರೀಸಿನ ಕಲೆಯ ಪಕ್ಕದಲ್ಲಿ ಸುಣ್ಣದ ಕಲೆ ಇರುತ್ತಿದ್ದ ಅಂಗಿಯನ್ನು ನಾನು ಬೇರೆ ಯಾರ ಮೈಮೇಲೂ ಕಂಡಿಲ್ಲ.

ಒಂದು ಜುಲೈ ತಿಂಗಳಿನಲ್ಲಿ ಕೊಟ್ಟಿಗೆಹಾರದ ಹತ್ತಿರ ನನ್ನ ಅಂಬಾಸಿಡರ್ ನಿಂತುಹೋಯಿತು. ರಾತ್ರಿ ಒಂಬತ್ತು ದಾಟಿತ್ತು. ಮೂಡಿಗೆರೆ ಸೀಮೆಯ ಮಳೆ ಹೇಗೆ ಹಿಡಿದರೆ ಬಿಡುವುದಿಲ್ಲವೆಂದು ನಿಮಗೆ ಹೇಳಬೇಕಿಲ್ಲ. ಅಂಗಡಿಯೊಂದರಿಂದ ಅವರಿಗೆ ಫೋನ್ ಮಾಡಿದೆ, ಸಲಹೆ ಕೇಳಲೆಂದು ಅಷ್ಟೆ. "ಕಾರಿನಲ್ಲೇ ಕುಳಿತಿರಿ, ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಮುಗಿಸಬೇಡಿ" ಎಂದು ಫೋನ್ ಇಟ್ಟರು. ಚಿಕ್ಕಮಗಳೂರಿನಿಂದ ಆ ಮಳೆಯಲ್ಲಿ ಪದ್ಮಿನಿ ಓಡಿಸಿಕೊಂಡು ಬಂದರು. ಬಾನೆಟ್ ಎತ್ತಿ, ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿ, ಒಳಗಿನ ಪಸೆಯನ್ನು ಪಂಚೆಯ ಒಣ ಅಂಚಿನಿಂದ ಒರೆಸಿದರು. ಕಾರು ಹೊರಟಿತು. ಎರಡೇ ನಿಮಿಷದ ಕೆಲಸ. ಅದನ್ನು ಫೋನಿನಲ್ಲಿಯೇ ಹೇಳಬಹುದಿತ್ತಲ್ಲ ಎಂದೆ. "ಹೇಳಬಹುದಿತ್ತು. ಆದರೆ ಕತ್ತಲೆಯಲ್ಲಿ ನೀವು ಒಬ್ಬರೇ ಇದ್ದಿರಿ" ಎಂದರು. ಮೂಡಿಗೆರೆ ದಾಟುವವರೆಗೂ ಅವರ ಹಿಂದಿನ ಕೆಂಪು ದೀಪ ನೋಡಿಕೊಂಡು ಓಡಿಸಿದೆ. ಅವರು ಹೋದ ಮೇಲೆ ಮಳೆಯಲ್ಲಿ ಕಾರು ತೆಗೆದಾಗಲೆಲ್ಲ ಆ ಮಾತೇ ಕಿವಿಯಲ್ಲಿರುತ್ತದೆ.

ಘಟ್ಟದ ರಸ್ತೆಯ ವಿಷಯದಲ್ಲಿ ಮಾತ್ರ ಅವರು ಬಹಳ ಕಟ್ಟುನಿಟ್ಟು. ಏಪ್ರಿಲ್ ಬಿಸಿಲಿನಲ್ಲಿ ಚಾರ್ಮಾಡಿ ಹತ್ತುವಾಗ ಬಳಗದ ಯಾರದಾದರೂ ಕಾರು ಕೆಮ್ಮಿ ನಿಂತರೆ, ಎಂಜಿನ್ನಿನ ಕಾವಿಗೆ ಪಂಪಿನಲ್ಲಿಯೇ ಪೆಟ್ರೋಲು ಆವಿಯಾಗಿದೆ ಎಂದು ನೋಡದೆಯೇ ಹೇಳುತ್ತಿದ್ದರು. ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಫ್ಲಾಸ್ಕಿನಿಂದ ಎಲ್ಲರಿಗೂ ಕಾಫಿ ಬಗ್ಗಿಸಿ, ಅದು ತಣ್ಣಗಾಗುವವರೆಗೆ ಯಾರನ್ನೂ ಅವಸರ ಪಡಲು ಬಿಡುತ್ತಿರಲಿಲ್ಲ. ಕಿರಿದಾದ ಘಟ್ಟದಲ್ಲಿ ಇಳಿಯುವವನು ಹತ್ತುವವನಿಗೆ ದಾರಿ ಬಿಡಬೇಕೆಂಬುದು ಕಾನೂನು. ಎಷ್ಟು ಚಾಲಕರಿಗೆ ಇದು ಗೊತ್ತಿದೆ? ಮೇಷ್ಟ್ರು ಮಾತ್ರ ಇಳಿಯುವಾಗ ಎದುರಿಗೆ ಲಾರಿ ಕಂಡರೆ ದೂರದಲ್ಲಿಯೇ ನಿಲ್ಲಿಸಿ, ಕಿಟಕಿಯಿಂದ ಕೈ ಬೀಸಿ ಅದನ್ನು ಮೇಲೆ ಕರೆಯುತ್ತಿದ್ದರು.

ಮುಳ್ಳಯ್ಯನಗಿರಿಯಿಂದ ಇಳಿಯುತ್ತಿದ್ದ ಪ್ರವಾಸಿಗರ ಕಾರೊಂದನ್ನು ಅವರು ತಡೆದದ್ದು ನಮ್ಮ ಬಳಗದಲ್ಲಿ ಎಲ್ಲರಿಗೂ ಗೊತ್ತು. 1930 ಮೀಟರ್ ಎತ್ತರದ ಬೆಟ್ಟದಿಂದ ಆ ಪ್ರವಾಸಿಗರು ಬ್ರೇಕ್ ಒತ್ತಿಕೊಂಡೇ ಇಳಿದಿದ್ದರು. ಚಕ್ರದಿಂದ ಸುಟ್ಟ ವಾಸನೆ ಬರುತ್ತಿತ್ತು. ಮೇಷ್ಟ್ರು ಅವರನ್ನು ಕೆಳಗಿಳಿಸಿ, ಅರ್ಧ ಗಂಟೆ ರಸ್ತೆ ಬದಿಯಲ್ಲಿ ಕೂರಿಸಿದರು. ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಬೇಕು ಎಂದು ಕಾರು ಓಡಿಸುತ್ತಿದ್ದ ಹುಡುಗನಿಂದ ಮೂರು ಸಲ ಹೇಳಿಸಿದರು. ಬೈಯಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಮಗುವಿಗೆ ಕಿತ್ತಳೆ ಸುಲಿದು ಕೊಟ್ಟರು. ಆ ಕುಟುಂಬಕ್ಕೆ ಅವರ ಹೆಸರೂ ಗೊತ್ತಿರಲಾರದು.

ಈಗ ನಿಮ್ಮ ಸಲಹೆಯ ವಿಷಯ.

ವಿಂಟೇಜ್ ನೋಂದಣಿಯ ನಿಯಮ 2021ರಲ್ಲಿ ಬಂತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಕಾರಿಗೆ ಅದು ಸಿಗುತ್ತದೆ. ಸಂಖ್ಯೆಯಲ್ಲಿ 'ವಿಎ' ಅಕ್ಷರಗಳು ಬರುತ್ತವೆ. ಪದ್ಮಿನಿಗೆ 50 ತುಂಬಿದಾಗ ನಾವೆಲ್ಲ ಉತ್ಸಾಹದಿಂದ ಮೇಷ್ಟ್ರ ಮನೆಗೆ ಅರ್ಜಿ ಒಯ್ದಿದ್ದೆವು. ಅವರು ಕನ್ನಡಕ ಹಾಕಿಕೊಂಡು ನಿಯಮಗಳನ್ನು ಪೂರ್ತಿ ಓದಿದರು. ಹಾಗೆ ನೋಂದಣಿಯಾದ ಕಾರನ್ನು ಪ್ರದರ್ಶನ, ವಿಂಟೇಜ್ ರ್‍ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಇಂಥ ಕೆಲಸಗಳಿಗಷ್ಟೇ ರಸ್ತೆಗಿಳಿಸಬಹುದು, ದಿನಬಳಕೆಗೆ ಅಲ್ಲ. ಅಲ್ಲಿಗೆ ಬಂದವರು ಕಾಗದ ಮಡಚಿ ನನ್ನ ಕೈಗಿಟ್ಟರು. "ಬುಧವಾರದ ಸಂತೆಗೆ ನನ್ನನ್ನು ಯಾರು ಕರೆದುಕೊಂಡು ಹೋಗುತ್ತಾರೆ?" ಎಂದು ಕೇಳಿದರು. ಅವರ ಪದ್ಮಿನಿಯ ಹಿಂದಿನ ಸೀಟಿನಲ್ಲಿ ಯಾವಾಗಲೂ ಕೊತ್ತಂಬರಿ ಸೊಪ್ಪಿನ ವಾಸನೆ ಇರುತ್ತಿದ್ದುದು ಆ ಕಾರಣಕ್ಕೆ.

ಆದ್ದರಿಂದ ಗಾಜಿನ ಕೋಣೆಗೆ ನನ್ನ ಒಪ್ಪಿಗೆಯಿಲ್ಲ. ನಿಮ್ಮ ಪ್ರೀತಿ ನನಗೆ ಅರ್ಥವಾಗುತ್ತದೆ. ನನಗೂ ಮೊದಲು ಅದೇ ತೋಚಿತ್ತು. ಆದರೆ ನಿಂತ ಕಾರಿಗೆ ಏನಾಗುತ್ತದೆಂದು ನಮಗೆ ಕಲಿಸಿದವರೇ ಅವರು. ಪೆಟ್ರೋಲು ಅಂಟಾಗಿ ಕಾರ್ಬುರೇಟರಿನ ಜೆಟ್ಟು ಕಟ್ಟುತ್ತದೆ, ಬ್ರೇಕಿನ ಸಿಲಿಂಡರು ತುಕ್ಕಿಗೆ ಕಚ್ಚಿಕೊಳ್ಳುತ್ತದೆ, ಟೈರು ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾಗುತ್ತದೆ. ಮಲೆನಾಡಿನ ತೇವಕ್ಕೆ ಒಂದೇ ಮಳೆಗಾಲ ಸಾಕು. ಪೆಟ್ರೋಲಿನಲ್ಲಿ ಎಥೆನಾಲ್ ಹೆಚ್ಚಾದ ಮೇಲೆ ಹಳೆಯ ರಬ್ಬರ್ ಪೈಪುಗಳು ಬೇಗ ಹಾಳಾಗುತ್ತವೆಂದು, ಕೊನೆಯ ವರ್ಷದಲ್ಲಿ ಅವರು ಬಳಗದ ಒಂದೊಂದೇ ಕಾರಿನ ಪೈಪುಗಳನ್ನು ತಾವೇ ನಿಂತು ಬದಲಾಯಿಸಿದರು. ನಿಮ್ಮ ಕಾರಿನ ಬಾನೆಟ್ ಎತ್ತಿ ನೋಡಿ: ಹೊಸ ಪೈಪಿನ ಕ್ಲಿಪ್ಪುಗಳ ತಿರುಪು ಎಲ್ಲವೂ ಒಂದೇ ಕಡೆಗೆ, ಕೈಗೆ ಸಿಗುವಂತೆ ಇರುತ್ತವೆ. ಮುಂದೆ ಬಿಚ್ಚುವವರಿಗೆ ಕಷ್ಟವಾಗಬಾರದೆಂದು ಹಾಗೆ ಹಾಕಿದ್ದು.

ಇನ್ನೊಂದು ಸಂಗತಿ ನಿಮಗೆ ತಿಳಿದಿಲ್ಲ. ಅವರ ಮಗಳು ಕಾರನ್ನು ತಾನೇ ಇಟ್ಟುಕೊಳ್ಳುತ್ತಾಳೆ. ಮಾಲೀಕರು ತೀರಿಕೊಂಡ 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿದರೆ ವಾರಸುದಾರರು ಮೂರು ತಿಂಗಳು ವಾಹನ ಬಳಸಬಹುದು. ಅಷ್ಟರಲ್ಲಿ ನಮೂನೆ 31ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ಮೊದಲನೆಯದು ಮುಗಿದಿದೆ. ಅರ್ಜಿ ತುಂಬಲು ಬಳಗದ ಇಬ್ಬರು ಜೊತೆಗಿದ್ದಾರೆ.

ಆದರೆ ಆಕೆಗೆ ಹ್ಯಾಂಡ್ ಗೇರ್ ಬರುವುದಿಲ್ಲ. ತಂದೆ ಎಷ್ಟೋ ಸಲ ಕರೆದರೂ ಆಮೇಲೆ ಕಲಿಯುತ್ತೇನೆ ಎಂದು ಮುಂದೂಡಿದ್ದಳಂತೆ. ಅದನ್ನು ಹೇಳುವಾಗ ಅತ್ತಳು. ನಾನು ಕಲಿಸಬಹುದು, ಆದರೆ ನಾನು ಕಲಿತದ್ದು ಬೇರೆಯವರಿಂದ. ನೀವು ಕಲಿತದ್ದು ಅವರಿಂದ, ಅದೇ ಕಾರಿನಲ್ಲಿ. ಎರಡರಿಂದ ಮೂರಕ್ಕೆ ಹಾಕುವಾಗ ಅವರು ಏನು ಹೇಳುತ್ತಿದ್ದರು, ಕ್ಲಚ್ಚನ್ನು ಎಷ್ಟು ಬಿಡಿಸುತ್ತಿದ್ದರು, ಇವೆಲ್ಲ ನಿಮಗೆ ನೆನಪಿರುತ್ತವೆ. ಬರುವ ಭಾನುವಾರ ಬೆಳಿಗ್ಗೆ ಆರೂವರೆಗೆ ಹಿರೇಮಗಳೂರಿನ ಅವರ ಮನೆಗೆ ಬರುತ್ತೀರಾ? ಪ್ರವಾಸಿಗರ ಗದ್ದಲ ಏಳುವ ಮೊದಲೇ ಮುಳ್ಳಯ್ಯನಗಿರಿ ದಾರಿಯ ಕೈಮರದವರೆಗೆ ಹೋಗಿ ಬರಬಹುದು. ಬ್ಯಾಟರಿ ಚಾರ್ಜ್ ಮಾಡಿಸಿ ಇಟ್ಟಿರುತ್ತೇನೆ. ನೀವು ಅವಳ ಪಕ್ಕದಲ್ಲಿ ಕುಳಿತುಕೊಳ್ಳಿ, ನಾನು ಹಿಂದಿನ ಸೀಟಿನಲ್ಲಿರುತ್ತೇನೆ.