ಬೆಂಗಳೂರು–ದೆಹಲಿ: ಎರಡು ಗಂಟೆಯ ಹಾದಿಗೆ ಮೂರು ಗಂಟೆ ಏಕೆ?

ಪ್ರಶ್ನೆ: ಬೆಂಗಳೂರಿನಿಂದ ದೆಹಲಿಗೆ ವಾಯುಮಾರ್ಗದಲ್ಲಿ ಸುಮಾರು 1,700 ಕಿ.ಮೀ. ಎನ್ನುತ್ತಾರೆ. ವಿಮಾನವು ಗಂಟೆಗೆ 850 ಕಿ.ಮೀ. ಹಾರುವುದಾದರೆ ಎರಡು ಗಂಟೆ ಸಾಕಲ್ಲವೇ? ಟಿಕೆಟ್‌ನಲ್ಲಿ 2 ಗಂಟೆ 50 ನಿಮಿಷ ಎಂದಿದೆ. ಕೆಲವು ಮಾರ್ಗಗಳಲ್ಲಿ ಹೋಗುವಾಗಿನ ಅವಧಿಗೂ ಬರುವಾಗಿನ ಅವಧಿಗೂ ವ್ಯತ್ಯಾಸವಿರುವುದು ಭೂಮಿ ತಿರುಗುವುದರಿಂದಲೇ?

ಉತ್ತರ: ನಿಮ್ಮ ಭಾಗಾಕಾರದಲ್ಲಿ ತಪ್ಪಿಲ್ಲ; ಆದರೆ ಆ ದೂರವನ್ನು ಆ ವೇಗದಲ್ಲಿ ಯಾವ ವಿಮಾನವೂ ಪೂರ್ತಿಯಾಗಿ ಕ್ರಮಿಸುವುದಿಲ್ಲ. 1,700 ಕಿ.ಮೀ. ಎಂಬುದು ಭೂಮಿಯ ಮೇಲ್ಮೈಯ ಮೇಲೆ ಎರಡು ವಿಮಾನ ನಿಲ್ದಾಣಗಳ ನಡುವೆ ಎಳೆಯಬಹುದಾದ ಅತಿ ಕಡಿಮೆ ಅಂತರ. ವಿಮಾನವಾದರೋ ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ಮೇಲೇರಿ, ಅಲ್ಲಿಂದ ತಿರುಗಿ, ನಿಗದಿತ ವಾಯುಪಥವನ್ನು ಹಿಡಿದು, ಸೇನೆಗೆ ಮೀಸಲಾದ ವಾಯುಪ್ರದೇಶಗಳನ್ನೂ ಮಳೆಗಾಲದಲ್ಲಿ ಗುಡುಗುಮೋಡಗಳನ್ನೂ ಬಳಸಿಕೊಂಡು ಹೋಗಬೇಕಾಗುತ್ತದೆ. ವೇಗದ ವಿಷಯವೂ ಹೀಗೆಯೇ. ಗಂಟೆಗೆ 830–850 ಕಿ.ಮೀ. ವೇಗ ಸಿಗುವುದು 35,000 ಅಡಿಯ ಆಸುಪಾಸಿನಲ್ಲಿ ಮಾತ್ರ. 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ ಸುಮಾರು 463 ಕಿ.ಮೀ. ಮಿತಿಯಿದೆ. ದೆಹಲಿ ಇನ್ನೂ 200 ಕಿ.ಮೀ. ದೂರವಿರುವಾಗಲೇ ಇಳಿಯಲು ಆರಂಭಿಸುವುದರಿಂದ ಅಲ್ಲಿಂದಾಚೆಗೆ ವೇಗ ತಗ್ಗುತ್ತಲೇ ಹೋಗುತ್ತದೆ. ಇವೆಲ್ಲವನ್ನೂ ಲೆಕ್ಕ ಹಿಡಿದರೆ ಆಕಾಶದಲ್ಲಿ ಕಳೆಯುವ ಸಮಯವೇ ಸುಮಾರು ಎರಡೂಕಾಲು ಗಂಟೆಯಾಗುತ್ತದೆ.

ಉಳಿದ ಅರ್ಧ ಗಂಟೆ ಕಳೆಯುವುದು ಹೆಚ್ಚಾಗಿ ನೆಲದ ಮೇಲೆ. ಟಿಕೆಟ್‌ನಲ್ಲಿರುವ ಹೊರಡುವ ಸಮಯ ವಿಮಾನವು ತಂಗುಸ್ಥಳ ಬಿಡುವ ಕ್ಷಣದ್ದೇ ಹೊರತು ನೆಲ ಬಿಡುವ ಕ್ಷಣದ್ದಲ್ಲ; ತಲುಪುವ ಸಮಯವೂ ಅದು ಇನ್ನೊಂದು ತಂಗುಸ್ಥಳದಲ್ಲಿ ಬಂದು ನಿಲ್ಲುವ ಹೊತ್ತು. ಬೆಳಗಿನ ದಟ್ಟಣೆಯಲ್ಲಿ ರನ್‌ವೇಗಾಗಿ ಸರದಿಯಲ್ಲಿ ಕಾಯುವುದೂ, ದೆಹಲಿಯ ದೂರದ ರನ್‌ವೇಯಲ್ಲಿ ಇಳಿದು ಟರ್ಮಿನಲ್‌ವರೆಗೆ ನಿಧಾನವಾಗಿ ಸಾಗುವುದೂ ಇದರಲ್ಲೇ ಸೇರಿದೆ. ವಿಳಂಬವಾದೀತೆಂದು ಕಂಪನಿಗಳು ಒಂದಿಷ್ಟು ನಿಮಿಷಗಳನ್ನು ಮೊದಲೇ ಸೇರಿಸಿಟ್ಟಿರುತ್ತವೆ. ‘ನಿಗದಿತ ಸಮಯಕ್ಕಿಂತ ಮೊದಲೇ ತಲುಪಿದ್ದೇವೆ’ ಎಂದು ಹೆಮ್ಮೆಯಿಂದ ಘೋಷಿಸುವಾಗ ಈ ಗುಟ್ಟನ್ನು ಮಾತ್ರ ಯಾರೂ ಹೇಳುವುದಿಲ್ಲ!

ಇನ್ನು ಭೂಮಿಯ ತಿರುಗುವಿಕೆ. ಭೂಮಿಯೊಂದಿಗೆ ವಾತಾವರಣವೂ ತಿರುಗುವುದರಿಂದ, ಊರು ತಾನಾಗಿಯೇ ವಿಮಾನದತ್ತ ಬರುವುದಿಲ್ಲ. ಹಾಗೇನಾದರೂ ಆಗುವಂತಿದ್ದರೆ ಪಶ್ಚಿಮದ ಕಡೆಗಿನ ಪ್ರಯಾಣವೇ ಬೇಗ ಮುಗಿಯಬೇಕಿತ್ತು. ಆದರೆ ಮುಂಬೈ–ಕೋಲ್ಕತ್ತ ನಡುವೆ ಕಾಣುವುದು ಇದಕ್ಕೆ ತದ್ವಿರುದ್ಧ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದ ವಾಯುಪ್ರವಾಹವಿರುತ್ತದೆ. 1,650 ಕಿ.ಮೀ.ಯ ಆ ಹಾದಿಯಲ್ಲಿ ಗಂಟೆಗೆ 100 ಕಿ.ಮೀ. ಗಾಳಿ ಹೋಗುವಾಗ ಬೆನ್ನಿಗಿದ್ದು ಬರುವಾಗ ಎದುರಾದರೆ, ಎರಡೂ ಕಡೆಯ ಪ್ರಯಾಣಗಳ ನಡುವೆ ಅರ್ಧ ಗಂಟೆಯ ಅಂತರ ಬೀಳುತ್ತದೆ. ಬೆಂಗಳೂರು ಮತ್ತು ದೆಹಲಿ ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿರುವುದರಿಂದ ಈ ಗಾಳಿ ವಿಮಾನಕ್ಕೆ ಅಡ್ಡವಾಗಿ ಬೀಸುತ್ತದೆ. ಹಾಗಾಗಿ ಹೋಗಿಬರುವ ಅವಧಿಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗದು.

ದೆಹಲಿಯಲ್ಲಿ ಇನ್ನೊಂದು ವಿಮಾನ ಹಿಡಿಯಬೇಕಾದವರು ನಕ್ಷೆಯ ದೂರವನ್ನು ಬಿಟ್ಟು ಟಿಕೆಟ್‌ನಲ್ಲಿರುವ ಅವಧಿಯನ್ನೇ ನಂಬುವುದು ಒಳ್ಳೆಯದು. ಡಿಸೆಂಬರ್–ಜನವರಿಯಲ್ಲಿ ಅಲ್ಲಿ ಮುಂಜಾನೆ ದಟ್ಟ ಮಂಜು ಕವಿಯುವುದರಿಂದ, ಆ ತಿಂಗಳುಗಳಲ್ಲಿ ಮಧ್ಯಾಹ್ನ ತಲುಪುವ ವಿಮಾನವನ್ನು ಆರಿಸಿಕೊಳ್ಳಿ.