ತಕ್ಕಡಿ ಇಲ್ಲದ ಆಟಕ್ಕೆ ತಕ್ಕಡಿ ತಂದವಳು

(ಗುರುತು ಸಿಗಬಾರದೆಂದು ಹೆಸರನ್ನೂ ಮನೆಯ ವಿವರಗಳನ್ನೂ ಬದಲಿಸಿದ್ದೇನೆ.)

ನಿಧಿಗೆ 17 ವರ್ಷ. ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು. ಅಪ್ಪನದು ಹೋಟೆಲ್. ಮನೆಯಲ್ಲಿ ತುಳು, ನನ್ನ ಹತ್ತಿರ ಕನ್ನಡ. ಆರು ವರ್ಷದಿಂದ ಕುದುರೆ ಸವಾರಿ ಕಲಿಯುತ್ತಿದ್ದಾಳೆ, ಈಗ ಶೋ ಜಂಪಿಂಗ್ (ಕುದುರೆಯನ್ನು ಅಡ್ಡಕಂಬಗಳ ಮೇಲೆ ಹಾರಿಸುವ ಆಟ) ಸ್ಪರ್ಧೆಗಳಿಗೂ ಹೋಗುತ್ತಾಳೆ. ಆಪ್ತಸಲಹೆಗೆಂದು ನನ್ನಲ್ಲಿಗೆ ಕರೆದುಕೊಂಡು ಬಂದ ಅಮ್ಮ ಹೇಳಿದ್ದು ಇಷ್ಟೇ: "ಹನ್ನೆರಡನೇ ಕ್ಲಾಸಿನ ಟೆನ್ಶನ್ ಮೇಡಂ, ಊಟವೇ ಸೇರುವುದಿಲ್ಲ."

ಅಮ್ಮ ಹೊರಗೆ ಹೋಗಿ ಕೂತ ಮೇಲೆ ಒಂದೊಂದಾಗಿ ಮಾತು ಬಂತು. ಡಬ್ಬಿಯ ಊಟ ಲಾಯದ ನಾಯಿಗಳಿಗೆ ಹೋಗುತ್ತಿತ್ತು. ಅಕ್ಟೋಬರ್ ಸೆಕೆಯಲ್ಲಿ ರೇನ್‌ಕೋಟ್ ಹಾಕಿಕೊಂಡು ಟೆರೇಸಿನಲ್ಲಿ ಓಡುತ್ತಿದ್ದಳು. ದಿನಕ್ಕೆ ಐದಾರು ಸಲ ತೂಕ ನೋಡುತ್ತಿದ್ದಳು. ನಾಲ್ಕು ತಿಂಗಳಿಂದ ಮುಟ್ಟಾಗಿರಲಿಲ್ಲ. "ಒಳ್ಳೇದೇ ಆಯ್ತಲ್ವಾ ಆಂಟಿ, ಸ್ಪರ್ಧೆ ದಿನ ರಗಳೆ ಇಲ್ಲ" ಎಂದಳು. ನನಗೆ ಹೆದರಿಕೆಯಾದದ್ದು ಆ ಮಾತಿಗೆ.

ಶುರುವಾದದ್ದು ಕೋಚ್ ಎಲ್ಲರ ಮುಂದೆ ಆಡಿದ ಒಂದು ತಮಾಷೆಯಿಂದ: "ಪಾಪ, ಆ ಕುದುರೆಯ ಬೆನ್ನು ನೋಡು." ಆಮೇಲೆ ಯಾರೋ ಪಕ್ಕದಿಂದ ತೆಗೆದ ಒಂದು ಫೋಟೋ. ಬಿಳಿ ಬ್ರೀಚಸ್ ಗೊತ್ತಲ್ಲ, ಮೈಗೆ ಅಂಟಿಕೊಂಡೇ ಇರುವ ಬಟ್ಟೆ. ಅದೇ ಚಳಿಗಾಲ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ ಕುದುರೆ ರೇಸ್ ನೋಡಲು ಹೋಗಿದ್ದಳು. ಜಾಕಿಗಳು ಜೀನು ಹಿಡಿದು ತಕ್ಕಡಿ ಹತ್ತುವುದನ್ನು ಕಂಡು, 'ಸವಾರರು ಅಂದರೆ ಹೀಗಿರಬೇಕು' ಎಂದುಕೊಂಡಳಂತೆ.

ರೇಸಿನಲ್ಲಿ ತೂಕ ನಿಯಮದೊಳಗೇ ಇದೆ. ಯಾವ ಕುದುರೆ ಎಷ್ಟು ಹೊರಬೇಕೆಂದು ಮೊದಲೇ ನಿಗದಿ. ಓಟಕ್ಕೆ ಮೊದಲೂ ಆಮೇಲೂ ತೂಗುತ್ತಾರೆ. ಜಾಕಿ ಹಗುರವಾದರೆ ಸೀಸದ ತುಂಡು ಸೇರಿಸುತ್ತಾರೆ. ನಿಗದಿಯ ತೂಕ ಮೀರಬಾರದೆಂದು ಜಾಕಿಗಳು ಬೆವರಿಳಿಸಿ, ನೀರು ಬಿಟ್ಟು ಪಡುವ ಪಾಡು ಬೇರೆಯದೇ ಕಥೆ. ಶೋ ಜಂಪಿಂಗಿನಲ್ಲಿ ತಕ್ಕಡಿಯೇ ಇಲ್ಲ. ಕಂಬ ಬಿದ್ದರೆ 4 ಪೆನಾಲ್ಟಿ, ತಡವಾದರೆ ಇನ್ನಷ್ಟು. ಇವಳ ಆಟದಲ್ಲಿ ಯಾರೂ ಕೇಳದ ತಕ್ಕಡಿಯನ್ನು ಇವಳೇ ಹೊತ್ತು ತಂದಿದ್ದಳು.

ಮೊದಲ ಸಲಹೆ ನನ್ನದಲ್ಲದ ಕೆಲಸದ್ದು: ಡಾಕ್ಟರ್. ಮೂರು ತಿಂಗಳು ಮುಟ್ಟು ನಿಂತರೆ ಮಾತುಕತೆಗೆ ಮುಂಚೆ ತಪಾಸಣೆ ಆಗಬೇಕು. ಮೈ ಖರ್ಚು ಮಾಡುವ ಶಕ್ತಿಗೆ ತಕ್ಕಷ್ಟು ತಿನ್ನದ ಕ್ರೀಡಾಪಟುಗಳ ಈ ಸ್ಥಿತಿಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ 'ರೆಡ್-ಎಸ್' ಎಂದು ಹೆಸರು ಕೊಟ್ಟಿದೆ. ಮೂಳೆ, ಹಾರ್ಮೋನು, ಹೃದಯ ಎಲ್ಲದಕ್ಕೂ ಪೆಟ್ಟು. ಬೀಳುವುದೇ ಮಾಮೂಲಿಯಾದ ಆಟದಲ್ಲಿ ಮೂಳೆ ಸವೆದರೆ ಗತಿ? ಡಾಕ್ಟರ್ ಒಪ್ಪುವವರೆಗೆ ಸವಾರಿ ಬೇಡ, ಆದರೆ ಲಾಯಕ್ಕೆ ಹೋಗಿ ಕುದುರೆಯ ಮೈ ಉಜ್ಜಬಹುದು ಎಂದೆವು. ಅದನ್ನೂ ತಪ್ಪಿಸಿದ್ದರೆ ಅವಳು ನನ್ನ ಮುಖ ನೋಡುತ್ತಿರಲಿಲ್ಲ.

ನಾನೊಂದು ಜಾಣ ಪ್ರಶ್ನೆ ಕೇಳಿದೆ. "ಕುದುರೆ ಮೇವು ಬಿಟ್ಟರೆ ಏನು ಮಾಡ್ತೀಯಾ?" "ನಾನು ಕುದುರೆ ಅಲ್ಲ ಆಂಟಿ" ಎಂದು ನಕ್ಕಳು. ಅಲ್ಲಿಗೆ ನನ್ನ ಜಾಣತನ ಮುಗಿಯಿತು.

ಕೆಲಸಕ್ಕೆ ಬಂದದ್ದು ಲೆಕ್ಕ. ಸವಾರ, ಜೀನು ಎಲ್ಲ ಸೇರಿ ಕುದುರೆಯ ತೂಕದ ಶೇ 15-20ರೊಳಗೆ ಇರಲಿ ಎಂಬುದು ಕುದುರೆಯವರಲ್ಲಿ ಬಳಕೆಯಲ್ಲಿರುವ ಮಾತು. ಅವಳ ಕುದುರೆ ಸುಮಾರು 480 ಕಿಲೋ. ಶೇ 15 ಅಂದರೂ 72. ಅವಳ ತೂಕ ಎಷ್ಟೆಂದು ಇಲ್ಲಿ ಬರೆಯುವುದಿಲ್ಲ, ಓದುವ ಇನ್ನೊಬ್ಬ ಹುಡುಗಿ ಅದನ್ನೇ ಗುರಿ ಮಾಡಿಕೊಂಡಾಳು. ಕೋಚ್ ತಮಾಷೆ ಮಾಡಿದ ದಿನದ ತೂಕಕ್ಕೆ ಜೀನು, ಬೂಟು, ಹೆಲ್ಮೆಟ್ ಎಲ್ಲ ಕೂಡಿಸಿದಳು. 72 ಮುಟ್ಟಲಿಲ್ಲ. ಮೂರು ಸಲ ಕೂಡಿಸಿದಳು. ತಲೆ ಸುತ್ತಿ ಜೀನಿನ ಮೇಲೆ ದೊಪ್ಪೆಂದು ಕೂರುವ ಹಗುರ ಸವಾರಳಿಂದಲೇ ಕುದುರೆಗೆ ಜಾಸ್ತಿ ನೋವು ಎಂದು ಆಗ ಹೇಳಿದೆ. ಈ ಸಲ ನಗಲಿಲ್ಲ.

ಉಳಿದದ್ದು ಸಣ್ಣ ಸಣ್ಣ ಕೆಲಸ. ಮನೆಯ ತೂಕದ ಯಂತ್ರ ಹೋಟೆಲಿನ ಉಗ್ರಾಣಕ್ಕೆ ಹೋಯಿತು. ಏನು, ಎಷ್ಟು ತಿನ್ನಬೇಕೆಂಬುದು ಡಯಟಿಶಿಯನ್ ಪಾಲಿಗೆ. ನಿಧಿಯ ಒಪ್ಪಿಗೆ ಪಡೆದು ಕೋಚ್ ಜೊತೆ ಮಾತಾಡಿದೆ: ಹಿಮ್ಮಡಿ, ಕೈ, ಕೂರುವ ರೀತಿ, ಇದರ ಬಗ್ಗೆ ಎಷ್ಟು ಬೇಕಾದರೂ ಬೈಯಿರಿ, ಮೈ ಬಗ್ಗೆ ಬೇಡ. "ಸುಮ್ನೆ ಅಂದಿದ್ದು" ಎಂದರು. ಆದರೂ ನಿಲ್ಲಿಸಿದ್ದಾರಂತೆ.

ಐದು ತಿಂಗಳಾಯಿತು. ಮುಟ್ಟು ಮರಳಿದೆ, ತಗ್ಗಿನ ಕಂಬಗಳನ್ನು ಹಾರಿಸುತ್ತಿದ್ದಾಳೆ. ಫೋಟೋ ತೆಗೆಸಿಕೊಳ್ಳಲು ಇನ್ನೂ ಒಪ್ಪುವುದಿಲ್ಲ. ಮೊನ್ನೆ ಅವಳನ್ನು ಬಿಡಲು ಬಂದ ಅಮ್ಮ ಬಾಗಿಲಲ್ಲೇ, "ಈಗ ಕೆನ್ನೆ ತುಂಬಿದೆ, ಇನ್ನು ಸಾಕು ಅಲ್ವಾ ಮೇಡಂ?" ಎಂದರು. ಮುಂದಿನ ವಾರ ಅಮ್ಮನೊಬ್ಬರನ್ನೇ ಬರಲು ಹೇಳಿದ್ದೇನೆ.